ವ್ಯಾಯಾಮ ವ್ರತವಲ್ಲ

ಮಂಡಿ ನೋವೆಂದು ಬರುವವರಿಗೆ ನಾನು ಬರೆದುಕೊಡುವ ಹಾಳೆಯಲ್ಲಿ ದೊಡ್ಡ ಸಾಹಸಗಳೇನೂ ಇರುವುದಿಲ್ಲ. ಕಾಲು ಚಾಚಿ ಕುಳಿತು ಮಂಡಿಯ ಕೆಳಗೆ ಸುತ್ತಿದ ಟವೆಲ್ ಇಟ್ಟು ಒತ್ತಿ ಹಿಡಿಯುವುದು, ಮಲಗಿ ಒಂದೊಂದೇ ಕಾಲನ್ನು ನೇರವಾಗಿ ಎತ್ತುವುದು, ಕೈ ಊರದೆ ಕುರ್ಚಿಯಿಂದ ಎದ್ದು ಮತ್ತೆ ನಿಧಾನವಾಗಿ ಕೂರುವುದು. ಎಲ್ಲ ಸೇರಿ ಕಾಲು ಗಂಟೆ. ತೊಡೆಯ ಮುಂಭಾಗದ ಸ್ನಾಯು ಗಟ್ಟಿಯಾದಷ್ಟೂ ಮಂಡಿಗೆ ಆಸರೆ ಹೆಚ್ಚುತ್ತದೆ, ಮೆಟ್ಟಿಲು ಹತ್ತುವಾಗಿನ ನೋವು ಇಳಿಯುತ್ತದೆ. ಸವೆದ ಮಂಡಿಗೆ ಇದಕ್ಕಿಂತ ಅಗ್ಗದ ಮದ್ದು ನನಗೆ ಗೊತ್ತಿಲ್ಲ. ಹೇಳಿದಾಗ ಎಲ್ಲರೂ ತಲೆಯಾಡಿಸುತ್ತಾರೆ, ಹಾಳೆಯನ್ನು ಎಕ್ಸ್‌ರೇ ಕವರಿನೊಳಗೆ ಜೋಪಾನವಾಗಿ ಇಟ್ಟುಕೊಳ್ಳುತ್ತಾರೆ. ಬಹಳಷ್ಟು ಹಾಳೆಗಳು ಅಲ್ಲಿಂದ ಹೊರಗೆ ಬರುವುದೇ ಇಲ್ಲ.

ಎರಡನೆಯ ಭೇಟಿಯಲ್ಲಿ “ಮಾಡುತ್ತಿದ್ದೀರಾ?” ಎಂದು ಕೇಳಿದರೆ ಎಲ್ಲರೂ “ಹೌದು ಮೇಡಂ” ಎನ್ನುತ್ತಾರೆ. ಹಿರಿಯರ ಬಾಯಿಂದ ಸುಳ್ಳು ಹೊರಡಿಸುವ ಪ್ರಶ್ನೆ ಅದು. “ಎಲ್ಲಿ ಮಾಡುತ್ತೀರಿ?” ಎಂದು ಕೇಳಿದರೆ ನಿಜ ಗೊತ್ತಾಗುತ್ತದೆ. ಮಾಡಿದವರು ತಡವರಿಸುವುದಿಲ್ಲ, ನಡುಮನೆಯ ಚಾಪೆ, ಮಗಳ ಮಂಚ, ಟಿವಿ ಎದುರಿನ ದಿವಾನ ಎಂದು ಥಟ್ಟನೆ ಹೇಳುತ್ತಾರೆ. ಮಾಡದವರು ಜಾಗದ ಮಾತು ಬಿಟ್ಟು ಸಮಯದ ಮಾತಿಗೆ ಬರುತ್ತಾರೆ. ಪುರುಸೊತ್ತಿಲ್ಲ, ಮನೆಗೆ ನೆಂಟರು ಬಂದಿದ್ದರು, ನಾದಿನಿಯ ಮಗನ ಮದುವೆಯಿತ್ತು. ಅದಾದ ಮೇಲೆ ಒಂದು ನಿಟ್ಟುಸಿರು, “ನನಗೆ ಮನಸ್ಸು ಗಟ್ಟಿ ಇಲ್ಲ ಮೇಡಂ” ಎಂಬ ತೀರ್ಪು.

ಈ ತೀರ್ಪನ್ನು ನಾನು ಒಪ್ಪುವುದಿಲ್ಲ. ಹೀಗೆ ಹೇಳುವವರಲ್ಲಿ ಅನೇಕರು ಸಂಕಷ್ಟಿಯ ದಿನ ಚಂದ್ರನನ್ನು ನೋಡದೆ ಅನ್ನ ಮುಟ್ಟದವರು. ಏಕಾದಶಿಯಂದು ನಿರಾಹಾರ ಇದ್ದು ಮರುದಿನ ಪಾರಣೆ ಮಾಡುವವರು. ಡಿಸೆಂಬರಿನ ಚಳಿಯಲ್ಲಿ ನಸುಕಿಗೇ ತಣ್ಣೀರು ಸುರಿದುಕೊಳ್ಳುವವರು. ಇಡೀ ದಿನ ಹಸಿವು ತಡೆಯಬಲ್ಲ ಮನಸ್ಸಿಗೆ ಕಾಲು ಗಂಟೆ ಕಾಲೆತ್ತುವಷ್ಟು ಬಲವಿಲ್ಲ ಎಂದರೆ ಹೇಗೆ ನಂಬುವುದು? ಬಲ ಇದೆ. ವ್ರತಕ್ಕೆ ಇರುವ ಏರ್ಪಾಡು ವ್ಯಾಯಾಮಕ್ಕೆ ಇಲ್ಲ, ಅಷ್ಟೇ.

ಶಬರಿಮಲೆಗೆ ಮಾಲೆ ಹಾಕಿದವರನ್ನೇ ನೋಡಿ. ವರ್ಷವಿಡೀ ಮೂಲೆಯಂಗಡಿಗೂ ಸ್ಕೂಟರ್ ತೆಗೆಯುತ್ತಿದ್ದ ಮನುಷ್ಯ ನಲವತ್ತೊಂದು ದಿನ ಬೆಳಗ್ಗೆ ಸಂಜೆ ಸ್ನಾನ ಮಾಡುತ್ತಾನೆ, ಚಪ್ಪಲಿ ಬಿಡುತ್ತಾನೆ, ಸಿಗರೇಟು ಬಿಡುತ್ತಾನೆ. ಪಂಪೆಯಿಂದ ಸನ್ನಿಧಾನದವರೆಗೆ ಸುಮಾರು 5 ಕಿಲೋಮೀಟರ್ ಏರುದಾರಿಯನ್ನು ಇರುಮುಡಿ ಹೊತ್ತು ಬರಿಗಾಲಿನಲ್ಲಿ ಹತ್ತುತ್ತಾನೆ. ಭಕ್ತಿಯ ಪಾಲು ದೊಡ್ಡದು, ಅದನ್ನು ಅಳೆಯುವುದು ನನ್ನ ಕೆಲಸವಲ್ಲ. ಆದರೆ ಅವನ ಸುತ್ತ ಏನೇನಿದೆ ಎಂಬುದನ್ನು ನನ್ನ ವೃತ್ತಿಯವರು ಗಮನಿಸಬೇಕು. ಕೊರಳಲ್ಲಿ ಮಾಲೆ, ಮೈಮೇಲೆ ಕಪ್ಪು ಬಟ್ಟೆ. ಬಸ್ ಕಂಡಕ್ಟರಿನಿಂದ ಹಿಡಿದು ಕಚೇರಿಯ ಮೇಲಧಿಕಾರಿಯವರೆಗೆ ಎಲ್ಲರೂ “ಸ್ವಾಮಿ” ಎಂದೇ ಕರೆಯುತ್ತಾರೆ. ಹಾಗೆ ಕರೆದಾಗಲೆಲ್ಲ ಸಂಕಲ್ಪ ನೆನಪಾಗುತ್ತದೆ. ಪೂಜೆಗೆ ಹೊತ್ತು ಗೊತ್ತಾಗಿದೆ, ಜಾಗ ಗೊತ್ತಾಗಿದೆ, ತಪ್ಪಿದರೆ ವಿಚಾರಿಸಲು ಗುರುಸ್ವಾಮಿ ಇದ್ದಾರೆ. ಮನೆಯವರೂ ಅಡುಗೆಯನ್ನು ಅದಕ್ಕೆ ತಕ್ಕಂತೆ ಬದಲಿಸುತ್ತಾರೆ. ದಿನವೂ ಬೆಳಗ್ಗೆ ಎದ್ದು “ಇವತ್ತು ಮಾಡಲೋ ಬೇಡವೋ” ಎಂದು ಅವನು ತನ್ನನ್ನು ಕೇಳಿಕೊಳ್ಳಬೇಕಾಗಿಯೇ ಇಲ್ಲ.

ವ್ಯಾಯಾಮಕ್ಕೆ ಹೊರಟವನು ಮಾತ್ರ ಈ ಪ್ರಶ್ನೆಯನ್ನು ದಿನವೂ ಕೇಳಿಕೊಳ್ಳುತ್ತಾನೆ, ಮೂರನೆಯ ದಿನಕ್ಕೆ ಸೋಲುತ್ತಾನೆ.

ಇದನ್ನು ಪರೀಕ್ಷಿಸಿ ನೋಡಿದವರಿದ್ದಾರೆ. 2002ರಲ್ಲಿ ಪ್ರಕಟವಾದ ಬ್ರಿಟನ್ನಿನ ಒಂದು ಅಧ್ಯಯನದಲ್ಲಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ವ್ಯಾಯಾಮದ ಬಗ್ಗೆ ವಿಶೇಷವಾಗಿ ಏನನ್ನೂ ಹೇಳಲಿಲ್ಲ. ಎರಡನೆಯ ಗುಂಪಿಗೆ ಹೃದ್ರೋಗದ ಅಪಾಯ, ವ್ಯಾಯಾಮದಿಂದ ಆಗುವ ಲಾಭ ಎಲ್ಲವನ್ನೂ ಓದಿಸಿದರು. ಮೂರನೆಯವರಿಗೆ ಅದನ್ನೆಲ್ಲ ಓದಿಸಿ, ಮುಂದಿನ ವಾರ ಯಾವ ದಿನ, ಎಷ್ಟು ಹೊತ್ತಿಗೆ, ಎಲ್ಲಿ 20 ನಿಮಿಷ ವ್ಯಾಯಾಮ ಮಾಡುತ್ತೀರಿ ಎಂಬುದನ್ನೂ ಬರೆಸಿಕೊಂಡರು. ಮೊದಲ ಎರಡು ಗುಂಪುಗಳಲ್ಲಿ ವ್ಯಾಯಾಮ ಮಾಡಿದವರು ಶೇಕಡಾ 40ಕ್ಕಿಂತ ಕಡಿಮೆ. ಮೂರನೆಯದರಲ್ಲಿ 91. ಹರೆಯದವರು, ಒಂದೇ ವಾರ, ಅವರೇ ಹೇಳಿದ ಲೆಕ್ಕ ಎಂಬುದನ್ನು ಮರೆಯಬಾರದು; ಅರವತ್ತು ದಾಟಿದ ಮಂಡಿಗಳಿಗೆ ಇಷ್ಟು ದೊಡ್ಡ ಅಂತರವನ್ನು ನಾನು ನಿರೀಕ್ಷಿಸುವುದಿಲ್ಲ. ನನಗೆ ಮುಖ್ಯವಾಗಿ ಕಾಣುವುದು ಮೊದಲ ಎರಡು ಗುಂಪುಗಳ ನಡುವೆ ಹೆಚ್ಚಿನ ಅಂತರವಿರಲಿಲ್ಲ ಎಂಬುದು. ಹೆದರಿಸಿ, ಹುರಿದುಂಬಿಸಿ ಹೆಚ್ಚೇನೂ ಸಿಗಲಿಲ್ಲ. ನಮ್ಮ ಟಿವಿಯ ಆರೋಗ್ಯ ಕಾರ್ಯಕ್ರಮಗಳು, ಬೆಳಗಾಗುತ್ತಲೇ ವಾಟ್ಸ್ಆ್ಯಪಿನಲ್ಲಿ ಬರುವ ಸೂರ್ಯೋದಯದ ಚಿತ್ರದ ಸುಭಾಷಿತಗಳು ಎಲ್ಲವೂ ಆ ಎರಡನೆಯ ಗುಂಪಿಗೆ ಸೇರಿದವು.

ಹಾಗಾಗಿ ನನ್ನ ಹಾಳೆಯಲ್ಲಿ ಪ್ರತಿ ವ್ಯಾಯಾಮದ ಎದುರು ಎರಡು ಖಾಲಿ ಗೆರೆಗಳಿರುತ್ತವೆ: ಯಾವುದಾದ ಮೇಲೆ, ಎಲ್ಲಿ. ಅದನ್ನು ರೋಗಿಯೇ ತುಂಬಬೇಕು, ನನ್ನ ಎದುರಿಗೇ ತುಂಬಬೇಕು. “ಬೆಳಗ್ಗೆ 6 ಗಂಟೆಗೆ” ಎಂದು ಬರೆದರೆ ತಿದ್ದಲು ಹೇಳುತ್ತೇನೆ. ಗಡಿಯಾರ ಯಾರನ್ನೂ ಕೈಹಿಡಿದು ಎಬ್ಬಿಸುವುದಿಲ್ಲ. ದಿನವೂ ತಪ್ಪದೆ ನಡೆಯುವ ಯಾವುದಾದರೊಂದು ಕೆಲಸದ ಬಾಲಕ್ಕೆ ಇದನ್ನು ಕಟ್ಟಬೇಕು. ಫಿಲ್ಟರಿಗೆ ನೀರು ಹಾಕಿ ಡಿಕಾಕ್ಷನ್ ಇಳಿಯುವವರೆಗೆ ಅಡುಗೆಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು. ಭುಜ ಬಿಗಿದವರಾದರೆ ಕುಕ್ಕರ್ ಕೂಗುವವರೆಗೆ ಗೋಡೆಯ ಮೇಲೆ ಬೆರಳುಗಳನ್ನು ಹತ್ತಿಸುತ್ತ ಹೋಗುವುದು. ಮೊಮ್ಮಗಳನ್ನು ಶಾಲೆಯ ವ್ಯಾನಿಗೆ ಹತ್ತಿಸಿ ಬಂದವರು ಚಪ್ಪಲಿ ಬಿಡದೆ ಹಾಗೇ ಇನ್ನೆರಡು ಬೀದಿ ಸುತ್ತಿ ಬರುವುದು.

ಇಲ್ಲಿ ಹೆಂಗಸರ ವಿಷಯವನ್ನು ಬೇರೆಯಾಗಿ ಹೇಳಬೇಕು. ನಮ್ಮ ಮೈಸೂರಿನ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಿವೃತ್ತರಾದ ಗಂಡಸರ ಗುಂಪುಗಳು ಕಾಣುತ್ತವೆ. ನಡಿಗೆ ಮುಗಿಸಿ ಬೆಂಚಿನ ಮೇಲೆ ರಾಜಕೀಯ, ಆಮೇಲೆ ಇಡ್ಲಿ-ವಡೆ. ಇಡ್ಲಿಯ ಬಗ್ಗೆ ನನ್ನ ತಕರಾರಿಲ್ಲ. ಗೆಳೆಯರು ಕಾಯುತ್ತಿರುತ್ತಾರೆ ಎಂಬ ಒಂದೇ ಕಾರಣಕ್ಕೆ ಮಳೆಯಲ್ಲೂ ಕೊಡೆ ಹಿಡಿದು ಬರುವವರಿದ್ದಾರೆ. ಅದೇ ಹೊತ್ತಿಗೆ ಅವರ ಮನೆಯಾಕೆ ಎಲ್ಲಿರುತ್ತಾರೆ? ಒಲೆಯ ಮುಂದೆ. ಆಕೆಗೆ ಸಂಕಲ್ಪ ಮಾಡಲು ಕಷ್ಟವಿಲ್ಲ, ಆ ಹೊತ್ತು ಆಕೆಯದಲ್ಲ ಎಂಬುದೇ ಕಷ್ಟ. ಆದ್ದರಿಂದ ಮಂಡಿ ನೋವಿನ ಗೃಹಿಣಿಯರು ಬಂದರೆ ಜೊತೆಯಲ್ಲಿ ಬಂದ ಗಂಡನನ್ನೋ ಮಗನನ್ನೋ ಹೊರಗೆ ಕೂರಿಸದೆ ಒಳಗೆ ಕರೆಯುತ್ತೇನೆ. “ಇವರು ಚಾಪೆಯ ಮೇಲೆ ಇರುವ ಕಾಲು ಗಂಟೆ ಒಲೆಯ ಹತ್ತಿರ ಯಾರು ಇರುತ್ತೀರಿ?” ಎಂದು ಕೇಳುತ್ತೇನೆ. ಆ ಹೆಸರನ್ನೂ ಹಾಳೆಯ ಮೇಲೆ ಬರೆಸುತ್ತೇನೆ. ಕೆಲವು ಗಂಡಂದಿರಿಗೆ ಇದು ರುಚಿಸುವುದಿಲ್ಲ.

“ಇಡೀ ದಿನ ಮನೆಕೆಲಸ ಮಾಡುತ್ತಾಳಲ್ಲ, ಅದೇ ವ್ಯಾಯಾಮವಲ್ಲವೇ?” ಎಂದು ಅವರು ಕೇಳುವುದುಂಟು. ಒಳ್ಳೆಯ ಪ್ರಶ್ನೆ. ಗುಡಿಸುವುದು, ಒರೆಸುವುದು, ಬಟ್ಟೆ ಒಗೆಯುವುದು ದೈಹಿಕ ಚಟುವಟಿಕೆಯೇ. ವಿಶ್ವ ಆರೋಗ್ಯ ಸಂಸ್ಥೆಯೂ ಮನೆಗೆಲಸವನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಆದರೆ ಸ್ನಾಯು ಬಲಿಯಬೇಕಾದರೆ ಹೊರೆ ಸ್ವಲ್ಪ ಸ್ವಲ್ಪವೇ ಏರುತ್ತ ಹೋಗಬೇಕು. ಇಪ್ಪತ್ತು ವರ್ಷದಿಂದ ಅದೇ ನೆಲ, ಅದೇ ಪಾತ್ರೆಗಳಾದರೆ ದಣಿವು ಸಿಗುತ್ತದೆ, ತೊಡೆಗೆ ಹೊಸ ಬಲ ಸಿಗುವುದಿಲ್ಲ.

ಎಷ್ಟು ಮಾಡಬೇಕು ಎಂಬ ಲೆಕ್ಕದಲ್ಲೇ ಮುಳುಗಿಹೋಗುವವರೂ ಇದ್ದಾರೆ. ಕೈಗೆ ಮಗ ಅಮೆರಿಕದಿಂದ ತಂದ ಗಡಿಯಾರ, ಅದರಲ್ಲಿ ಹತ್ತು ಸಾವಿರ ಹೆಜ್ಜೆಯ ಗುರಿ. ರಾತ್ರಿ ಒಂಬತ್ತಕ್ಕೆ ಎಂಟು ಸಾವಿರವಾಗಿದ್ದರೆ ಹಜಾರದಲ್ಲಿ ಅತ್ತಿಂದಿತ್ತ ತಿರುಗಾಟ. ನಾಲ್ಕೇ ಸಾವಿರವಾಗಿದ್ದರೆ ಇವತ್ತು ಹೇಗೂ ಆಗುವುದಿಲ್ಲ ಎಂದು ಕೈಬಿಡುವುದು. ಆ ಹತ್ತು ಸಾವಿರ ಯಾವ ವೈದ್ಯರೂ ಬರೆದ ಚೀಟಿಯಲ್ಲ. ಟೋಕಿಯೊ ಒಲಿಂಪಿಕ್ಸ್ ಮುಗಿದ ಮರುವರ್ಷ, 1965ರಲ್ಲಿ, ಜಪಾನಿನ ಕಂಪನಿಯೊಂದು ಹೆಜ್ಜೆ ಎಣಿಸುವ ಯಂತ್ರವನ್ನು ಮಾರಲು ಇಟ್ಟ ಹೆಸರಿನಿಂದ ಬಂದದ್ದು. 2019ರಲ್ಲಿ ಅಮೆರಿಕದ ಹದಿನಾರು ಸಾವಿರಕ್ಕೂ ಹೆಚ್ಚು ವಯಸ್ಸಾದ ಮಹಿಳೆಯರ ಹೆಜ್ಜೆ ಎಣಿಸಿ ನೋಡಿದಾಗ, ದಿನಕ್ಕೆ ಸುಮಾರು 2,700 ಹೆಜ್ಜೆ ಇಡುವವರಿಗಿಂತ 4,400 ಹೆಜ್ಜೆ ಇಡುವವರಲ್ಲಿ ಸಾವಿನ ಪ್ರಮಾಣ ಕಡಿಮೆ ಇತ್ತು. 7,500ರ ಸುಮಾರಿಗೆ ಆ ಲಾಭ ಸಮವಾಗಿ ನಿಂತಿತು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಗತಿಯ ಚಟುವಟಿಕೆ. ಒಮ್ಮೆಗೆ ಕನಿಷ್ಠ ಹತ್ತು ನಿಮಿಷವಾದರೂ ಇರಲೇಬೇಕು ಎಂಬ ಹಳೆಯ ಷರತ್ತನ್ನು ಅದೇ ಸಲ ಕೈಬಿಟ್ಟರು. ಬಸ್ ನಿಲ್ದಾಣದವರೆಗಿನ ಆರು ನಿಮಿಷದ ಬಿರುಸು ನಡಿಗೆಯೂ ಲೆಕ್ಕಕ್ಕೆ ಬರುತ್ತದೆ.

ಇಷ್ಟರವರೆಗೆ ವ್ರತದಿಂದ ಕಲಿಯಬೇಕಾದದ್ದನ್ನು ಹೇಳಿದೆ. ಒಂದು ವಿಷಯದಲ್ಲಿ ಮಾತ್ರ ವ್ರತ ನಮಗೆ ಕೆಟ್ಟ ಗುರು. ವ್ರತಕ್ಕೆ ಭಂಗವಿದೆ. ನಡುವೆ ಒಂದು ದಿನ ತಪ್ಪಿದರೆ ಮಾಡಿದ್ದೆಲ್ಲ ನೀರಿನಲ್ಲಿ ಹೋಮ ಎಂಬ ಭಾವನೆ ನಮಗೆ ಚಿಕ್ಕಂದಿನಿಂದ ಬಂದಿದೆ. ಅದನ್ನೇ ವ್ಯಾಯಾಮಕ್ಕೂ ಹಚ್ಚುತ್ತೇವೆ. ಮದುವೆಗೆಂದು ಊರಿಗೆ ಹೋಗಿ ಎರಡು ದಿನ ತಪ್ಪಿತು. ಮೂರನೆಯ ದಿನ ಮನೆಗೆ ಬಂದವರು ಚಾಪೆ ಹಾಸುವುದಿಲ್ಲ, ಸಂಕ್ರಾಂತಿಯಿಂದ ಹೊಸದಾಗಿ ಶುರು ಮಾಡೋಣ ಎನ್ನುತ್ತಾರೆ. ನಾಳೆ ಎಂದವನ ಮನೆ ಹಾಳು ಎಂದು ಹಿರಿಯರು ಗದರಿಸಿದರು, ಆದರೆ ಬಿಟ್ಟದ್ದನ್ನು ಮತ್ತೆ ಹಿಡಿಯುವುದು ಹೇಗೆ ಎಂದು ಹೇಳಿಕೊಡಲಿಲ್ಲ.

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 96 ಮಂದಿಯನ್ನು ಹನ್ನೆರಡು ವಾರ ಗಮನಿಸಿ, ಹೊಸ ಕೆಲಸವೊಂದು ತಾನಾಗಿಯೇ ನಡೆಯುವ ಅಭ್ಯಾಸವಾಗಲು ಎಷ್ಟು ಕಾಲ ಬೇಕೆಂದು ಲೆಕ್ಕ ಹಾಕಿದರು. ನಡುಮಟ್ಟದ ಲೆಕ್ಕ 66 ದಿನ. ಆದರೆ ಒಬ್ಬರಿಗೆ 18, ಇನ್ನೊಬ್ಬರಿಗೆ 254 ಎನ್ನುವಷ್ಟು ವ್ಯತ್ಯಾಸವಿತ್ತು. ಊಟದ ಜೊತೆ ನೀರು ಕುಡಿಯುವಂಥ ಅಭ್ಯಾಸ ಬೇಗ ಕೂಡಿಬಂತು, ವ್ಯಾಯಾಮಕ್ಕೆ ಹೆಚ್ಚು ದಿನ ಹಿಡಿಯಿತು. ಇಪ್ಪತ್ತೊಂದೇ ದಿನ ಸಾಕು ಎನ್ನುವ ಭಾಷಣಕಾರರ ಮಾತು ಇದರ ಮುಂದೆ ನಿಲ್ಲುವುದಿಲ್ಲ. ಆ ಸಂಖ್ಯೆ ಅಮೆರಿಕದ ಪ್ಲಾಸ್ಟಿಕ್ ಸರ್ಜನ್ ಒಬ್ಬರು ತಮ್ಮ ರೋಗಿಗಳು ಬದಲಾದ ಮುಖಕ್ಕೆ ಹೊಂದಿಕೊಳ್ಳುವ ಬಗ್ಗೆ 1960ರಲ್ಲಿ ಬರೆದದ್ದು. ಲಂಡನ್ನಿನ ಅಧ್ಯಯನದಲ್ಲಿ ಇನ್ನೂ ಒಂದು ಅಂಶವಿದೆ, ನಾನು ರೋಗಿಗಳಿಗೆ ತಪ್ಪದೆ ಹೇಳುವುದು ಅದನ್ನೇ: ನಡುವೆ ಒಂದು ದಿನ ತಪ್ಪಿದ್ದರಿಂದ ಅಭ್ಯಾಸ ಬೆಳೆಯುವುದಕ್ಕೆ ಹೇಳಿಕೊಳ್ಳುವಂಥ ಧಕ್ಕೆಯಾಗಲಿಲ್ಲ.

ತಪ್ಪುವ ದಿನಗಳಿಗಾಗಿಯೇ ಹಾಳೆಯ ಕೊನೆಯಲ್ಲಿ ಒಂದು ಸಾಲು ಇರುತ್ತದೆ. ಅದಕ್ಕೆ ನಾನು ಇಟ್ಟ ಹೆಸರು ಆಪದ್ಧರ್ಮ. ಜ್ವರವಿಲ್ಲ, ಆದರೆ ಮನೆ ತುಂಬ ನೆಂಟರು, ರೈಲಿನಲ್ಲಿ ಪ್ರಯಾಣ, ಗೌರಿ-ಗಣೇಶ ಹಬ್ಬದ ಓಡಾಟ. ಅಂಥ ದಿನ ಕುರ್ಚಿಯಿಂದ ಐದು ಸಲ ಎದ್ದು ಕೂತರೆ ಸಾಕು, ಆ ದಿನದ ಲೆಕ್ಕ ಸಂದಿತು. ಐದರಿಂದ ಸ್ನಾಯುವಿಗೆ ಹೆಚ್ಚಿನದೇನೂ ಆಗುವುದಿಲ್ಲ ಎಂದು ನನಗೂ ಗೊತ್ತು. ಮರುದಿನ ಚಾಪೆ ಹಾಸುವಾಗ ಸಂಕೋಚ ಇರುವುದಿಲ್ಲ, ಅದಕ್ಕಾಗಿ ಈ ಸಾಲು.

ಇನ್ನು ನೋವಿನ ಮಾತು. ಬಿಟ್ಟುಬಿಡುವವರಲ್ಲಿ ದೊಡ್ಡ ಪಾಲು ಸೋಮಾರಿಗಳಲ್ಲ, ಹೆದರಿದವರು. ಮೊದಲ ವಾರದಲ್ಲೇ “ವ್ಯಾಯಾಮ ಮಾಡಿದ್ದಕ್ಕೇ ನೋವು ಜಾಸ್ತಿಯಾಯಿತು” ಎಂದು ನಿಲ್ಲಿಸುತ್ತಾರೆ. ಬಹುಕಾಲ ದುಡಿಸದ ಸ್ನಾಯುವನ್ನು ದುಡಿಸಿದರೆ ಒಂದೆರಡು ದಿನ, ಕೆಲವೊಮ್ಮೆ ಮೂರು ದಿನ ಮೈಕೈ ನೋವು ಬರುವುದು ಸಹಜ. ಮಂಡಿಯಲ್ಲೇ ನೋವಾದರೆ ಹೀಗೆ ನೋಡಿ: ಸ್ವಲ್ಪ ಹೆಚ್ಚಾದ ನೋವು ಮರುದಿನ ಬೆಳಗ್ಗೆಯ ಹೊತ್ತಿಗೆ ಮೊದಲಿನ ಮಟ್ಟಕ್ಕೆ ಇಳಿದಿದ್ದರೆ ಮುಂದುವರಿಸಬಹುದು. ಇಳಿಯದಿದ್ದರೆ ಎಣಿಕೆಯನ್ನು ಅರ್ಧಕ್ಕೆ ತನ್ನಿ. ಮಂಡಿ ಊದಿಕೊಂಡರೆ, ಬಿಸಿಯಾದರೆ, ನಡೆಯುವಾಗ ಕುಸಿದಂತಾದರೆ ನಿಲ್ಲಿಸಿ ತೋರಿಸಿಕೊಳ್ಳಿ. ನಡೆಯುವಾಗ ಎದೆ ಹಿಡಿದಂತಾದರೆ ನನ್ನ ಹತ್ತಿರ ಬರಬೇಡಿ, ನೇರವಾಗಿ ಆಸ್ಪತ್ರೆಗೆ ಹೋಗಿ.

ಹುರುಪು ಎಲ್ಲಿಂದ ಬರುತ್ತದೆ ಎಂದು ಕೇಳುವವರಿಗೆ ನನ್ನ ಉತ್ತರ ಒಂದು ಕುರ್ಚಿ. ಕೈಗಳನ್ನು ಎದೆಯ ಮೇಲೆ ಕತ್ತರಿ ಹಾಕಿಕೊಂಡು 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿಯಾಗಿ ಎದ್ದು ಕೂರುತ್ತೀರಿ ಎಂದು ಮೊದಲ ದಿನವೇ ಎಣಿಸಿ ಬರೆದಿಡುತ್ತೇನೆ. ಎದ್ದು ನಿಲ್ಲುವಾಗ ಸಮತೋಲ ತಪ್ಪುವವರಾದರೆ ಪಕ್ಕದಲ್ಲಿ ಒಬ್ಬರು ನಿಲ್ಲಬೇಕು. ತಿಂಗಳು ಕಳೆದು ಮತ್ತೆ ಎಣಿಸುತ್ತೇವೆ. ಮೊದಮೊದಲು ಬರುವ ಶಕ್ತಿ ಸ್ನಾಯು ದಪ್ಪವಾಗಿ ಬರುವುದಲ್ಲ, ನರಗಳು ಇದ್ದ ಸ್ನಾಯುವನ್ನೇ ಚೆನ್ನಾಗಿ ದುಡಿಸಲು ಕಲಿತು ಬರುವುದು. ಹಾಗಾಗಿ ತೂಕದ ಯಂತ್ರದಲ್ಲೂ ಕನ್ನಡಿಯಲ್ಲೂ ಕಾಣದ ಬದಲಾವಣೆ ಈ ಎಣಿಕೆಯಲ್ಲಿ ಬೇಗ ಕಾಣುತ್ತದೆ. ಏಳು ಇದ್ದದ್ದು ಒಂಬತ್ತಾದಾಗ ಎಪ್ಪತ್ತರ ಹಿರಿಯರ ಮುಖದಲ್ಲಿ ಬರುವ ಹಮ್ಮನ್ನು ಯಾವ ಭಾಷಣವೂ ತರಲಾರದು. ಉತ್ಸಾಹ ಬಂದ ಮೇಲೆ ಶುರು ಮಾಡುತ್ತೇನೆ ಎಂದು ಕಾಯುವವರಿಗೆ ಈ ಸುಖ ಸಿಗುವುದಿಲ್ಲ.

ಎಲ್ಲ ಸರಿಹೋದ ಮೇಲೆ ಬರುವ ಪ್ರಶ್ನೆ: “ಇನ್ನೂ ಎಷ್ಟು ದಿನ ಮಾಡಬೇಕು ಮೇಡಂ?” ಮಾಲೆ ತೆಗೆಯುವ ದಿನ ಯಾವುದು ಎಂದು ಕೇಳಿದ ಹಾಗೆ. ಅಂಥ ದಿನವಿಲ್ಲ, ಆದರೆ ಕೆಲಸ ಹಗುರವಾಗುತ್ತದೆ. ನೋವು ಹತೋಟಿಗೆ ಬಂದ ಮೇಲೆ ಬಲ ಕೂಡಿಸುವ ವ್ಯಾಯಾಮ ವಾರಕ್ಕೆ ಎರಡು ದಿನ ಇದ್ದರೂ ನಡೆಯುತ್ತದೆ, ಉಳಿದ ದಿನ ನಡಿಗೆ. ಅರವತ್ತೈದು ದಾಟಿದವರು ವಾರಕ್ಕೆ ಮೂರು ದಿನ ಸಮತೋಲನದ ಅಭ್ಯಾಸವನ್ನೂ ಸೇರಿಸಿಕೊಳ್ಳಬೇಕು. ಅಡುಗೆಕಟ್ಟೆಯ ಪಕ್ಕ ಒಂಟಿಕಾಲಿನಲ್ಲಿ ನಿಲ್ಲುವುದೂ ಅದರಲ್ಲಿ ಸೇರುತ್ತದೆ. ಮಕ್ಕಳ ಮನೆಗೆಂದು ವಿದೇಶಕ್ಕೆ ಹೋಗಿಯೋ ಕಾಯಿಲೆ ಬಿದ್ದೋ ಮೂರ್ನಾಲ್ಕು ವಾರ ಪೂರ್ತಿ ಬಿಟ್ಟುಹೋದರೆ ನಿಲ್ಲಿಸಿದ ಎಣಿಕೆಯಿಂದಲೇ ಮತ್ತೆ ಶುರು ಮಾಡಬೇಡಿ. ಅದರ ಅರ್ಧದಿಂದ ಶುರು ಮಾಡಿ, ಮಂಡಿ ಒಪ್ಪಿದರೆ ವಾರಕ್ಕೆ ಒಂದೆರಡರಂತೆ ಏರಿಸಿ.