ಬಿಸಿಯಾದ ಮೇಲೆ ನಿಲ್ಲುವ ಯೆಜ್ಡಿ: ಪೆಟ್ರೋಲೋ, ಕರೆಂಟೋ?

ಪ್ರಶ್ನೆ: ನಮ್ಮ ತಂದೆಯವರ ಕಾಲದ ಯೆಜ್ಡಿ ಬೈಕ್ ಇದೆ. ಪಾಯಿಂಟ್ (ಕಿಡಿಗಾಗಿ ಕರೆಂಟು ಕಡಿಯುವ ಸ್ವಿಚ್) ಇರುವ, 6 ವೋಲ್ಟಿನ ಹಳೇ ಗಾಡಿ. ಬೆಳಿಗ್ಗೆ ಒಂದೇ ಕಿಕ್ಕಿಗೆ ಸ್ಟಾರ್ಟ್ ಆಗುತ್ತೆ. ಮೂಡಿಗೆರೆ ಪೇಟೆಯೊಳಗೆ ಎಷ್ಟು ಓಡಾಡಿದರೂ ತಕರಾರಿಲ್ಲ. ಧರ್ಮಸ್ಥಳದಿಂದ ವಾಪಸ್ ಬರುವಾಗ ಮಾತ್ರ, ಚಾರ್ಮಾಡಿ ಘಾಟಿ ಅರ್ಧ ಹತ್ತುವಷ್ಟರಲ್ಲಿ ಮಿಸ್ಸಿಂಗ್ ಶುರುವಾಗಿ ನಿಂತುಬಿಡುತ್ತೆ. ಆಗ ಎಷ್ಟು ಒದ್ದರೂ ಜಪ್ಪಯ್ಯ ಅನ್ನಲ್ಲ. ಕಾಲು ಗಂಟೆ ಬಿಟ್ಟು ಒದ್ದರೆ ಏನೂ ಆಗೇ ಇಲ್ಲ ಅನ್ನೋ ಹಾಗೆ ಹೊರಡುತ್ತೆ. ಪ್ಲಗ್ ಬದಲಾಯಿಸಿದ್ದಾಯ್ತು, ಕಾರ್ಬೊರೇಟರ್ ಬಿಚ್ಚಿಸಿ ತೊಳೆಸಿದ್ದಾಯ್ತು. ಮೆಕ್ಯಾನಿಕ್ ಈಗ ಬೋರ್ ಮಾಡಿಸಿ, ಅಂದರೆ ಸವೆದ ಸಿಲಿಂಡರ್ ಕೊರೆಸಿ, ಅಂತಿದ್ದಾರೆ. ಮಾಡಿಸಲೇ?

ಉತ್ತರ: ಬೋರಿಗೆ ಸದ್ಯ ಕೈ ಹಾಕಬೇಡಿ. ಬೋರ್ ಸವೆದಿದ್ದರೆ ಬೆಳಗಿನ ಚಳಿಯಲ್ಲಿ ಒಂದೇ ಕಿಕ್ಕಿಗೆ ಹೊರಡುತ್ತಿರಲಿಲ್ಲ, ಏರಿನಲ್ಲಿ ಮೊದಲಿನಿಂದಲೂ ಎಳೆತ ಇರುತ್ತಿರಲಿಲ್ಲ. ಕಾಲು ಗಂಟೆ ಸುಮ್ಮನೆ ನಿಲ್ಲಿಸಿದ್ದಕ್ಕೆ ಸವೆದ ಬೋರ್ ವಾಸಿಯಾಗುವುದಿಲ್ಲ.

ಆದರೆ ಒಂದು ಕೇಳಬೇಕು. ನಿಂತ ಕೂಡಲೇ ಕಿಕ್ಕರ್ ಸಲೀಸಾಗಿ ಕೆಳಗಿಳಿಯುತ್ತದೆಯೇ? ಕಲ್ಲಿನಂತೆ ಬಿಗಿಯಾಗಿದ್ದರೆ ಪಿಸ್ಟನ್ ಕಾದು ಹಿಡಿದುಕೊಂಡಿದೆ ಎಂದರ್ಥ. ಆಗ ಮತ್ತೆ ಮತ್ತೆ ಒದೆಯಬೇಡಿ, ತಣಿಯಲು ಬಿಡಿ, ಪೆಟ್ರೋಲಿಗೆ ಬೆರೆಸುವ ಆಯಿಲ್ ಸರಿಯಾಗಿದೆಯೇ ನೋಡಿ (ಇದು ಟೂ-ಸ್ಟ್ರೋಕ್ ಎಂಜಿನ್). 25ಕ್ಕೆ 1ರಂತೆ ಹಾಕುವವರಿಗೆ ಲೀಟರಿಗೆ 40 ಮಿ.ಲೀ. ಬೇಕು. ಟೂ-ಸ್ಟ್ರೋಕ್ ಸ್ಕೂಟರಿನ ಲೆಕ್ಕದಲ್ಲಿ ಅಳೆದು ಹಾಕಿದರೆ ಈ ಎಂಜಿನ್ನಿಗೆ ಸಾಲದು. ನಿಮ್ಮ ಗಾಡಿ ಮೊದಲು ಮಿಸ್ಸಿಂಗ್ ಹೊಡೆದು ಆಮೇಲೆ ನಿಲ್ಲುತ್ತದೆ ಎಂದು ಬರೆದಿದ್ದೀರಿ, ಹಾಗಾಗಿ ಇದು ಆ ಕಾಯಿಲೆಯಂತೆ ಕಾಣುವುದಿಲ್ಲ.

ಉಳಿದದ್ದು ಎರಡೇ: ಪೆಟ್ರೋಲ್ ಬರುತ್ತಿಲ್ಲ, ಇಲ್ಲವೇ ಕಿಡಿ ಬರುತ್ತಿಲ್ಲ. ಇಷ್ಟು ಸರಳವಾದದ್ದು ಇಷ್ಟು ದಿನ ಯಾಕೆ ಸಿಗಲಿಲ್ಲ ಅಂದರೆ, ಇವೆರಡೂ ಹೊತ್ತು ಕಳೆದರೆ ತಾವಾಗಿಯೇ ಸರಿಹೋಗುವ ದೋಷಗಳು. ಪ್ಲಗ್ ಬಿಚ್ಚಿ, ಉಜ್ಜಿ, ಮತ್ತೆ ಹಾಕುವಷ್ಟರಲ್ಲಿ ಹೇಗೂ ಕಾಲು ಗಂಟೆಯಾಗಿರುತ್ತದೆ. ಗಾಡಿ ಹೊರಡುತ್ತದೆ, ಹೆಸರು ಪ್ಲಗ್ಗಿಗೆ ಬರುತ್ತದೆ. ಗ್ಯಾರೇಜಿಗೆ ತಳ್ಳಿಕೊಂಡು ಹೋಗುವ ಹೊತ್ತಿಗೂ ಅಷ್ಟೇ, ರೋಗ ಮಾಯ. ಆದ್ದರಿಂದ ಪರೀಕ್ಷೆ ಆಗಬೇಕಾದದ್ದು ಘಾಟಿಯಲ್ಲೇ, ನಿಂತ ಎರಡು ನಿಮಿಷದೊಳಗೆ. ಪ್ಲಗ್ ಸ್ಪ್ಯಾನರ್ ಮತ್ತು ಒಂದು ಹೊಸ ಪ್ಲಗ್ ಜೇಬಿನಲ್ಲಿರಲಿ. ತಿರುವಿನಲ್ಲಿ ನಿಲ್ಲಬೇಡಿ, ಹಿಂದಿನಿಂದ ಬಸ್ಸು ಬರುತ್ತಿರುತ್ತದೆ.

ಮೊದಲು ಟ್ಯಾಂಕಿನ ಮುಚ್ಚಳ ತೆಗೆಯಿರಿ. 'ಸುಯ್' ಎಂದು ಗಾಳಿ ಒಳಗೆ ಎಳೆದ ಸದ್ದು ಕೇಳಿ, ಆಮೇಲೆ ಗಾಡಿ ಹೊರಟರೆ ಮುಚ್ಚಳದ ಗಾಳಿತೂತು ಕಟ್ಟಿದೆ. ಪೆಟ್ರೋಲ್ ಇಳಿದಷ್ಟು ಗಾಳಿ ಮೇಲಿನಿಂದ ಸೇರಬೇಕು. ಸೇರದಿದ್ದರೆ ಒಳಗೆ ಎಳೆತ ಹುಟ್ಟಿ ಪೆಟ್ರೋಲ್ ಇಳಿಯುವುದೇ ನಿಲ್ಲುತ್ತದೆ. ಪೇಟೆಯೊಳಗಿನ ನಿಧಾನದ ಓಡಾಟಕ್ಕೆ ಸ್ವಲ್ಪವೇ ಸಾಕು, ಏರಿನಲ್ಲಿ ಥ್ರಾಟಲ್ ತಿರುಗಿಸಿ ಹಿಡಿದಾಗ ಕೊರತೆ ಬೀಳುತ್ತದೆ. ಒಂದು ಸೂಜಿಯಿಂದ ಮುಗಿಯುವ ಕೆಲಸ.

ಅದಲ್ಲವಾದರೆ ಪ್ಲಗ್ ಬಿಚ್ಚಿ. ಸುಡುತ್ತಿರುತ್ತದೆ, ಬಟ್ಟೆ ಹಿಡಿದುಕೊಳ್ಳಿ. ತುದಿ ಒಣಗಿದ್ದರೆ ಪೆಟ್ರೋಲಿನ ದಾರಿ ಹಿಡಿದು ಹೋಗಿ: ಕಾಕ್ (ಟ್ಯಾಂಕಿನ ಕೆಳಗಿನ ನಲ್ಲಿ), ಫಿಲ್ಟರ್, ಪೈಪು. ಈಗಿನ ಎಥನಾಲ್ ಬೆರೆತ ಪೆಟ್ರೋಲ್ ಹಳೇ ರಬ್ಬರನ್ನು ಮೆತ್ತಗೆ ಮಾಡುತ್ತದೆ, ಮಳೆಗಾಲವಿಡೀ ನಿಂತ ಗಾಡಿಯ ಟ್ಯಾಂಕಿನಲ್ಲಿ ನೀರನ್ನೂ ಹೀರುತ್ತದೆ. ತುದಿ ಒದ್ದೆಯಾಗಿದ್ದರೆ ಪೆಟ್ರೋಲ್ ಬಂದಿದೆ, ಉರಿದಿಲ್ಲ. ಹೊಸ ಪ್ಲಗ್ಗನ್ನು ಕ್ಯಾಪಿಗೆ ಸಿಕ್ಕಿಸಿ, ಪ್ಲಗ್ ತೂತಿನಿಂದ ದೂರದಲ್ಲಿ, ಹೆಡ್ಡಿನ ರೆಕ್ಕೆಗೆ ತಾಗಿಸಿ ಒದೆಯಿರಿ. ಆ ತೂತಿನಿಂದ ಪೆಟ್ರೋಲ್ ಆವಿ ಉಗುಳುತ್ತದೆ, ಹತ್ತಿರ ಹಿಡಿದರೆ ಬೆಂಕಿ ಹತ್ತೀತು. ಹಗಲಲ್ಲೂ ಕಾಣುವ ದಪ್ಪ ನೀಲಿ ಕಿಡಿ ಬಂದರೆ ಕರೆಂಟು ಸರಿಯಿದೆ. ತೆಳ್ಳಗೆ ಹಳದಿ ಎಳೆಯಂತೆ ಬಂದರೆ, ಅಥವಾ ಬರದೇ ಇದ್ದರೆ, ಕಳ್ಳ ಸಿಕ್ಕ.

ನನ್ನ ಅನುಮಾನ ಕಂಡೆನ್ಸರ್ ಮೇಲೆ. ಬಲಗಡೆ ಕವರ್ ತೆಗೆದರೆ ಡೈನಮೋ, ಅದರ ಮೇಲೆ ಪಾಯಿಂಟ್, ಪಕ್ಕದಲ್ಲೇ ಬೆರಳ ತುದಿಯಷ್ಟು ದಪ್ಪದ ತಗಡಿನ ಡಬ್ಬಿ ಕಾಣುತ್ತದೆ. ಪಾಯಿಂಟ್ ಮುಚ್ಚಿದ್ದಾಗ ಕಾಯಿಲಿನ (ಕಿಡಿಗೆ ವೋಲ್ಟ್ ಏರಿಸುವ ಸುರುಳಿಯ) ದಪ್ಪ ತಂತಿಯಲ್ಲಿ ಬ್ಯಾಟರಿ ಕರೆಂಟು ಹರಿಯುತ್ತಿರುತ್ತದೆ. ತೆರೆದ ಕ್ಷಣ ಆ ಹರಿವು ಫಕ್ಕನೆ ಕಡಿಯಬೇಕು. ಎಷ್ಟು ಚುರುಕಾಗಿ ಕಡಿಯುತ್ತದೋ ಕಾಯಿಲಿನ ಸಣ್ಣ ತಂತಿಯಲ್ಲಿ ಅಷ್ಟು ಜೋರಾಗಿ, ಸಾವಿರಾರು ವೋಲ್ಟ್ ಹುಟ್ಟುತ್ತದೆ. ಪಾಯಿಂಟ್ ತೆರೆಯುವಾಗ ಕರೆಂಟು ಆ ಸಂದಿಯಲ್ಲೇ ಹಾರದಂತೆ ಕಂಡೆನ್ಸರ್ ಅದನ್ನು ತನ್ನೊಳಗೆ ಎಳೆದುಕೊಳ್ಳುತ್ತದೆ. ಹಳೆಯದಾದ ಕಂಡೆನ್ಸರ್ ಕಾದಾಗ ಒಳಗಿನ ಪದರ ಸೋರತೊಡಗುತ್ತದೆ. ಆಗ ಪ್ಲಗ್ಗಿನಲ್ಲಿ ಆಗಬೇಕಾದ ಕಿಡಿ ಪಾಯಿಂಟಿನಲ್ಲೇ ಆಗುತ್ತದೆ. ತಣಿದರೆ ಮತ್ತೆ ಸಾಧು. ಸಂಜೆ ಮಬ್ಬಿನಲ್ಲಿ ಕವರ್ ತೆಗೆದು ನೋಡಿ: ಪಾಯಿಂಟ್ ನಡುವೆ ಬಿಳಿ-ನೀಲಿ ಕಿಡಿ ಚಿಟಚಿಟ ಹಾರುತ್ತಿದ್ದರೆ, ಮುಖಗಳು ಸುಟ್ಟು ಗುಳಿ ಬಿದ್ದಿದ್ದರೆ, ಬೇರೆ ಸಾಕ್ಷಿ ಬೇಡ.

ಇಲ್ಲಿ ತಯಾರಕರನ್ನೂ ಸ್ವಲ್ಪ ಬೈಯಬೇಕು. ಶಾಖಕ್ಕೆ ಹೆದರುವ ಬಿಡಿಭಾಗವನ್ನು ಎಂಜಿನ್ನಿನ ಬಗಲಿಗೇ ಕೂರಿಸಿದ್ದಾರೆ. ಮೈಸೂರಿನ ಕಾರ್ಖಾನೆ 1996ರಲ್ಲೇ ನಿಂತಿತು, ಅಂಗಡಿಯಲ್ಲಿ ಸಿಗುವ 'ಹೊಸ' ಕಂಡೆನ್ಸರ್ ಎಷ್ಟು ಮಳೆಗಾಲ ಕಂಡಿದೆಯೋ. ಹಾಗಾಗಿ ಅನುಭವಸ್ಥರು ಹಳೇ ಕಾರಿನದ್ದೋ ಬುಲೆಟ್‌ನದ್ದೋ ಕಂಡೆನ್ಸರ್ ತಂದು ಎಂಜಿನ್ನಿನಿಂದ ದೂರ, ಕಾಯಿಲ್ ಹತ್ತಿರ ಕೂರಿಸುತ್ತಾರೆ. ಪಾಯಿಂಟಿನಿಂದ ಬರುವ ತಂತಿ ಕಾಯಿಲಿಗೆ ಸೇರುವ ಜಾಗಕ್ಕೆ ಇದರ ತಂತಿ, ಡಬ್ಬಿಯ ಮೈ ಚಾಸಿಗೆ ಅರ್ತ್. ಅದರ ಸಾಮರ್ಥ್ಯ ಸುಮಾರು 0.2 ಮೈಕ್ರೋಫ್ಯಾರಡ್ ಇದ್ದರಾಯಿತು. ಹಳೆಯದರ ತಂತಿ ಬಿಚ್ಚಲೇಬೇಕು, ಅದನ್ನು ಹಾಗೇ ಬಿಟ್ಟರೆ ಸೋರಿಕೆ ಮುಂದುವರಿಯುತ್ತದೆ. ಸುಟ್ಟ ಪಾಯಿಂಟನ್ನು ನಯವಾದ ಅರದಿಂದ ಉಜ್ಜಿ, ಗ್ಯಾಪ್ 0.4 ಮಿ.ಮೀ. ಇಡಿ.

ಇಷ್ಟು ಮಾಡಿಯೂ ಘಾಟಿಯಲ್ಲಿ ನಿಂತರೆ ಕಾಯಿಲ್ ನೋಡಿ. ಒಳಗಿನ ಕೂದಲಿನಂಥ ತಂತಿಯ ಲೇಪನ ಬಿಟ್ಟಿದ್ದರೆ ಅದೂ ಬಿಸಿಗೇ ಕೈಕೊಡುತ್ತದೆ. ನಿಂತಾಗ ಒದ್ದೆ ಬಟ್ಟೆ ಸುತ್ತಿ, ಎರಡು ಮೂರು ನಿಮಿಷಕ್ಕೇ ಹೊರಟರೆ ಕಾಯಿಲಿನದ್ದೇ ತಪ್ಪು. ಮೀಟರ್ ಹಿಡಿಯುವುದಾದರೆ ಬಿಸಿಯಿದ್ದಾಗಲೇ ಹಿಡಿಯಿರಿ, ತಣ್ಣಗಿರುವಾಗ ಅದು ಸರಿಯಿದೆಯೆಂದೇ ತೋರಿಸುತ್ತದೆ. ಹೊಸದು ಕೊಳ್ಳುವಾಗ 6 ವೋಲ್ಟಿನದ್ದೇ ಕೇಳಿ. 12ರದ್ದನ್ನು 'ಆಗುತ್ತೆ ಸಾರ್, ಹಾಕ್ಕೊಳ್ಳಿ' ಎಂದು ಕೊಟ್ಟುಬಿಡುತ್ತಾರೆ, ಕಿಡಿ ಮತ್ತೆ ಸೊರಗುತ್ತದೆ. ನಮ್ಮ ಕಡೆಯ ಮಳೆಗೆ ಅರ್ತ್ ತಂತಿಯ ಬುಡದಲ್ಲಿ ಹಸಿರು ಕಿಲುಬು ಕೂರುವುದೂ ಮಾಮೂಲು. ಇರುವುದೇ 6 ವೋಲ್ಟ್, ಅದರಲ್ಲಿ ಅರ್ಧ ವೋಲ್ಟನ್ನು ತುಕ್ಕು ತಿಂದರೂ ಗೊತ್ತಾಗುತ್ತದೆ. ಬ್ಯಾಟರಿಯ ಅರ್ತ್ ಬಿಚ್ಚಿ, ಬಣ್ಣ ಕೆರೆದು, ಬರಿ ಲೋಹಕ್ಕೆ ಬಿಗಿ ಮಾಡಿ.

ಕಿಡಿ ದಪ್ಪಗಿದ್ದೂ, ಪೆಟ್ರೋಲ್ ಬರುತ್ತಿದ್ದೂ ನಿಂತರೆ ಮಾತ್ರ ಎಂಜಿನ್ ಕಡೆ ಹೊರಳಿ. ಆಗಲೂ ಬೋರಿಗಿಂತ ಮೊದಲು ಕ್ರ್ಯಾಂಕಿನ (ಪಿಸ್ಟನ್ನಿನಿಂದ ತಿರುಗುವ ದಂಡದ) ಆಯಿಲ್ ಸೀಲು ನೋಡಿ. ಬಲಗಡೆಯ ಸೀಲು ಹೋದರೆ ಗಾಳಿ ನುಗ್ಗಿ ಎಂಜಿನ್ ವಿಪರೀತ ಕಾಯುತ್ತದೆ. ಎಡಗಡೆಯದು ಹೋದರೆ ಗೇರ್ ಆಯಿಲನ್ನು ಹೀರಿ ಹೊಗೆ ಕಾರುತ್ತದೆ, ಗೇರ್‌ಬಾಕ್ಸಿನಲ್ಲಿ ಆಯಿಲ್ ಕಡಿಮೆಯಾಗುತ್ತಾ ಬರುತ್ತದೆ.