ದಾರ ಬಿಚ್ಚಿದ ಮೇಲೆ ಗಿಡುಗ ಮರದಿಂದ ಇಳಿಯದಿದ್ದರೆ ಅದರ ತೂಕ ಇಳಿಸಬೇಕೆ?

ಪ್ರಶ್ನೆ: ಕ್ರಿಯಾನ್ಸ್ (ತರಬೇತಿಯಲ್ಲಿ ಹಕ್ಕಿ ಹಾರಿಹೋಗದಂತೆ ಕಾಲಿಗೆ ಕಟ್ಟುವ ಉದ್ದನೆಯ ದಾರ) ಕಟ್ಟಿ ಅಭ್ಯಾಸ ಮಾಡಿಸುವಾಗ ನನ್ನ ಕೆಂಪುಬಾಲದ ಗಿಡುಗ 30 ಮೀಟರ್ ದೂರದಿಂದ ಕರೆದರೂ ತಕ್ಷಣ ಕೈಗೆ ಬರುತ್ತಿತ್ತು. ದಾರ ಬಿಚ್ಚಿ ಮೊದಲ ಸಲ ಬೇಟೆಗೆ ಒಯ್ದ ದಿನ ಎತ್ತರದ ಮರವೊಂದರ ಮೇಲೆ ಕೂತದ್ದು ಒಂದೂವರೆ ಗಂಟೆ ಇಳಿಯಲೇ ಇಲ್ಲ. ಹಾರಿಸಿದಾಗ ತೂಕ 1,040 ಗ್ರಾಂ ಇತ್ತು. ಇನ್ನೂ ಇಳಿಸಬೇಕೆ?

ಉತ್ತರ: ಈಗಲೇ ಬೇಡ. ಹಸಿವು ಸಾಲದಿದ್ದರೆ ಹಕ್ಕಿ ಇಳಿಯುವುದಿಲ್ಲ, ನಿಜ. ಆದರೆ ಇಳಿಯದ ಹಕ್ಕಿಗೆಲ್ಲ ಹಸಿವು ಸಾಲದು ಎಂದಲ್ಲ. ಹೊಸಬರು ಮಾಡುವ ತಪ್ಪುಗಳಲ್ಲಿ ಹಕ್ಕಿಯ ಜೀವಕ್ಕೇ ಕುತ್ತು ತರುವುದು ಇದೇ: ಮಾತು ಕೇಳದಿದ್ದಾಗಲೆಲ್ಲ ತೂಕ ಕಡಿತ.

ಮೊದಲು ಆ 1,040 ಗ್ರಾಂ ಎಂಬ ಅಂಕಿಯನ್ನೇ ಪರೀಕ್ಷಿಸಿ. ದಿನಾ ಒಂದೇ ಹೊತ್ತಿಗೆ, ಒಂದೇ ತಕ್ಕಡಿಯಲ್ಲಿ, ಕಾಲಿನ ಸಾಮಾನೆಲ್ಲ ಅಷ್ಟೇ ಇರುವಾಗ ತೂಗಿದ್ದರೆ ಮಾತ್ರ ಆ ಅಂಕಿಗೆ ಅರ್ಥ. ಹಿಂದಿನ ದಿನ ಗರಿ, ತುಪ್ಪಳದ ಸಮೇತ ತಿನ್ನಿಸಿದ್ದಿರಾ? ಹಾಗಿದ್ದರೆ ಜೀರ್ಣವಾಗದ ಆ ಉಂಡೆಯನ್ನು ಹಕ್ಕಿ ಕಕ್ಕಿತ್ತೇ ಎಂದು ನೋಡಿ. ಸಾಮಾನ್ಯವಾಗಿ ಮರುದಿನ ಬೆಳಿಗ್ಗೆ ಕಕ್ಕುತ್ತದೆ. ಉಂಡೆ ಒಳಗೇ ಇರುವ ಹಕ್ಕಿಗೆ ಊಟದ ಮೇಲೆ ಆಸೆಯಿರುವುದಿಲ್ಲ. ಕಕ್ಕುವ ತನಕ ಹಾರಿಸಬಾರದು. ಇನ್ನೊಂದು ವಿಷಯ, ಮಾಂಸದ ಗ್ರಾಂ ಲೆಕ್ಕ ಸರಿಯಿದ್ದ ಮಾತ್ರಕ್ಕೆ ಆಹಾರದ ಲೆಕ್ಕ ಸರಿಯಾಗುವುದಿಲ್ಲ. ಮೊಲದ ಮಾಂಸದಲ್ಲಿ ಕೊಬ್ಬು ಕಡಿಮೆ, ಲಾವಕ್ಕಿಯ ಮಾಂಸದಲ್ಲಿ ಸತ್ವ ಹೆಚ್ಚು. ಅಷ್ಟೇ ಗ್ರಾಂ ಕೊಟ್ಟರೂ ಮರುದಿನದ ತೂಕವೂ ಹಸಿವೂ ಬೇರೆಯಾಗುತ್ತವೆ. ಚಳಿಯ ರಾತ್ರಿ ಕಳೆದರೆ ಇನ್ನಷ್ಟು ಬೇರೆ.

ಅಂಕಿ ಸರಿಯಾಗಿದ್ದರೆ ತರಬೇತಿಯನ್ನು ನೋಡಿ. ನಿಮ್ಮ ವಿವರಣೆಯಲ್ಲೇ ಅರ್ಧ ಉತ್ತರವಿದೆ. ಕ್ರಿಯಾನ್ಸಿನಲ್ಲಿ ಹಕ್ಕಿ ಕಲಿತದ್ದು ಕಂಬದಿಂದ ಕೈಗೆ, ನೆಲಕ್ಕೆ ಸಮನಾಗಿ ಹಾರುವುದನ್ನು. 15 ಮೀಟರ್ ಎತ್ತರದ ಕೊಂಬೆಯಿಂದ ನೇರ ಕೆಳಗೆ ನಿಂತವನ ಮುಷ್ಟಿಗೆ ಇಳಿಯುವುದು ಅದಕ್ಕೆ ಹೊಸ ಪಾಠ. ಅಷ್ಟು ಕಡಿದಾಗಿ ಇಳಿಯುವುದು ಅಗಲ ರೆಕ್ಕೆಯ ಭಾರದ ಹಕ್ಕಿಗೆ ಸುಲಭವೂ ಅಲ್ಲ. ಹೊಸಬರಲ್ಲಿ ಹೆಚ್ಚಿನವರು ಮರದ ಬುಡದಲ್ಲಿ ನಿಂತು, ಕತ್ತೆತ್ತಿ ಸೀಟಿ ಹೊಡೆಯುತ್ತಾರೆ. ಹಕ್ಕಿ ಬಗ್ಗಿ ನೋಡುತ್ತದೆ, ಕಾಲು ಬದಲಿಸುತ್ತದೆ, ಮತ್ತೆ ಸುಮ್ಮನಾಗುತ್ತದೆ. ಬರಲು ಮನಸ್ಸಿದೆ, ದಾರಿ ಕಾಣುತ್ತಿಲ್ಲ.

ಮರದಿಂದ 30–40 ಮೀಟರ್ ದೂರ ಹೋಗಿ. ಗಾಳಿ ಯಾವ ಕಡೆಯಿಂದ ಬೀಸುತ್ತಿದೆಯೋ ಆ ಕಡೆ ನಿಲ್ಲಿ, ಆಗ ಹಕ್ಕಿ ಗಾಳಿಗೆ ಎದುರಾಗಿ ನಿಮ್ಮತ್ತ ಬರುತ್ತದೆ. ಎದುರುಗಾಳಿಯಲ್ಲಿ ವೇಗ ತಗ್ಗಿಸಿ ಕೈಮೇಲೆ ಕೂರುವುದು ಅದಕ್ಕೆ ಹಗುರ. ಬೆನ್ನಿಗೆ ಗಾಳಿ ಹೊತ್ತು ಇಳಿಯುವ ಹಕ್ಕಿ ಎಷ್ಟೋ ಸಲ ಕೈ ದಾಟಿ ಮುಂದಿನ ಮರ ಸೇರುತ್ತದೆ. ನಿಮ್ಮ ಮತ್ತು ಹಕ್ಕಿಯ ನಡುವೆ ಅಡ್ಡ ಕೊಂಬೆಗಳಿಲ್ಲ ಎಂದು ಖಚಿತ ಮಾಡಿಕೊಳ್ಳಿ. ಒಂದು ಸಲ ಸೀಟಿ, ಕೈಗವಸಿನ ಮೇಲೆ ಕಣ್ಣಿಗೆ ಬೀಳುವಷ್ಟು ಮಾಂಸ, ಅಷ್ಟೆ. ಬರದಿದ್ದರೆ ಕೈ ಇಳಿಸಿ, ಬೆನ್ನು ತಿರುಗಿಸಿ, ಇನ್ನೂ 50 ಹೆಜ್ಜೆ ನಡೆಯಿರಿ. ನಿಮಿಷಕ್ಕೆ ಹತ್ತು ಸಲ ಕರೆದರೆ ಸೀಟಿಯೂ ಗಾಳಿಯ ಸದ್ದಿನಂತೆ ಕಿವಿಗೆ ಬೀಳದೆ ಹೋಗುತ್ತದೆ.

ಮತ್ತೆ ದಾರ ಬಿಚ್ಚುವ ಮುನ್ನ ಈ ಪಾಠ ಕಲಿಸಿ. ಮರಗಳ ನಡುವೆ ಕ್ರಿಯಾನ್ಸ್ ಬಳಸಬೇಡಿ, ಕೊಂಬೆಗೆ ಸುತ್ತಿಕೊಳ್ಳುತ್ತದೆ. ಬಯಲಲ್ಲಿ 4–5 ಮೀಟರ್ ಎತ್ತರದ ಒಂಟಿ ಕಂಬದಿಂದ ಕರೆದರೆ ಸಾಕು. ಮೂರು ನಾಲ್ಕು ದಿನ ಬಿಡದೆ, ಕರೆದ ಎರಡು ಮೂರು ಸೆಕೆಂಡಿನೊಳಗೆ ಹೊರಡಬೇಕು. ಜೊತೆಗೊಬ್ಬರು ನಿಂತಿದ್ದರೂ, ನಾಯಿ ಓಡಾಡುತ್ತಿದ್ದರೂ ಹೊರಡಬೇಕು. ಬೇಟೆಯ ದಿನದ ಕೋಲು, ಟೋಪಿ, ಹಕ್ಕಿಗೆ ಕಟ್ಟುವ ಟ್ರಾನ್ಸ್‌ಮಿಟರ್ ಇವನ್ನೆಲ್ಲ ಆಗಲೇ ರೂಢಿ ಮಾಡಿಸಿ. ಹೊಸ ವಸ್ತು ಕಂಡು ಬೆದರಿ ಕೂತ ಹಕ್ಕಿಯ ತೂಕ ಇಳಿಸಿದರೆ ಹಸಿವು ಹೆಚ್ಚುತ್ತದೆಯೇ ಹೊರತು ಬೆದರಿಕೆ ಹೋಗುವುದಿಲ್ಲ.

ಇಷ್ಟರ ಜೊತೆ ಒಂದು ಮಾತನ್ನು ಮನಸ್ಸಿನಲ್ಲಿಡಿ. ಎತ್ತರದಲ್ಲಿ ಕೂತು ಕೆಳಗೆ ಕಣ್ಣಿಡುವುದೇ ಕೆಂಪುಬಾಲದ ಗಿಡುಗನ ಬೇಟೆಯ ಕ್ರಮ. ಕಾಡಿನಿಂದ ಹಿಡಿದ ಹಕ್ಕಿಯಾದರೆ ಅದು ಬದುಕಿ ಬಂದದ್ದೇ ಹಾಗೆ. ಒಂದೂವರೆ ಗಂಟೆ ಅದು ಹಟ ಹಿಡಿದು ಕೂತಿರಲಿಕ್ಕಿಲ್ಲ, ನೀವು ಮೊಲ ಎಬ್ಬಿಸುವುದನ್ನು ಕಾಯುತ್ತಿದ್ದಿರಬಹುದು. ಕರೆಯುವುದನ್ನು ಬಿಟ್ಟು ಕೋಲಿನಿಂದ ಪೊದೆ ಬಡಿಯುತ್ತ ಮುಂದೆ ಸಾಗಿ. ಹಕ್ಕಿ ಮರದಿಂದ ಮರಕ್ಕೆ ಹಿಂಬಾಲಿಸಿದರೆ ನಿಮ್ಮ ಪಾಠ ಫಲಿಸಿದೆ. ನೀವು ನಡೆದರೆ ಬೇಟೆ ಏಳುತ್ತದೆ ಎಂದು ಅದಕ್ಕೆ ಒಮ್ಮೆ ತಿಳಿದರೆ ಸಾಕು, ಜೊತೆ ಬಿಡುವುದಿಲ್ಲ.

ಇದೆಲ್ಲ ಸರಿಯಿದ್ದೂ ಹಕ್ಕಿ ಗರಿ ತೀಡುತ್ತ, ಒಂದು ಕಾಲು ಮೇಲೆತ್ತಿಕೊಂಡು, ಮಾಂಸ ಕಂಡರೂ ಕಣ್ಣು ಹೊರಳಿಸಿದರೆ ಆಗ ತೂಕ ಹೆಚ್ಚಿದೆ ಎನ್ನಿ. ಆಗಲೂ ದಿನಕ್ಕೆ 10–15 ಗ್ರಾಂಗಿಂತ ಹೆಚ್ಚು ಇಳಿಸಬೇಡಿ, ಪ್ರತಿ ಸಲ ನಡತೆ ನೋಡಿ ಬರೆದಿಡಿ. ತೂಗಿದಾಗಲೆಲ್ಲ ಎದೆಮೂಳೆಯ ಏಣನ್ನು ಬೆರಳಿನಿಂದ ಮುಟ್ಟಿ ನೋಡಿ. ಏಣಿನ ಎರಡೂ ಬದಿ ಮಾಂಸ ದುಂಡಗೆ ತುಂಬಿರಬೇಕು. ಏಣು ಚಾಕುವಿನಂತೆ ಹರಿತವಾಗಿ ಸಿಕ್ಕರೆ, ಹಕ್ಕಿ ಹಗಲಲ್ಲೇ ಗರಿ ಉಬ್ಬಿಸಿಕೊಂಡಿದ್ದರೆ, ಕಣ್ಣು ಅರೆ ಮುಚ್ಚಿದಂತಿದ್ದರೆ, ಹಿಕ್ಕೆ ಹಸಿರಾಗಿದ್ದರೆ, ಕಾಲಿನ ಹಿಡಿತ ಸಡಿಲವಾಗಿದ್ದರೆ ಹಾರಾಟ ನಿಲ್ಲಿಸಿ. ಅಂಥ ಹಕ್ಕಿಗೆ ಒಮ್ಮೆಲೇ ಹೊಟ್ಟೆ ತುಂಬ ತಿನ್ನಿಸಬಾರದು. ಅರಗಿಸುವ ಶಕ್ತಿ ಇರುವುದಿಲ್ಲ, ಮಾಂಸ ಗಂಟಲ ಚೀಲದಲ್ಲೇ ಕೊಳೆತು ಸಾಯಬಹುದು. ಗರಿ, ಮೂಳೆ ತೆಗೆದ ಮಾಂಸವನ್ನು ಸ್ವಲ್ಪ ಸ್ವಲ್ಪವಾಗಿ ದಿನಕ್ಕೆ ಹಲವು ಸಲ ಕೊಡಿ, ಹಕ್ಕಿಗಳನ್ನು ಬಲ್ಲ ಪಶುವೈದ್ಯರಿಗೆ ತೋರಿಸಿ. ತಿಂಗಳುಗಟ್ಟಲೆ ಹಾರಿದ ಹಕ್ಕಿಗೆ ಸ್ನಾಯು ಬೆಳೆಯುವುದರಿಂದ ಹಾರುವ ತೂಕ ಮೊದಲ ವಾರದ್ದಕ್ಕಿಂತ ಮೇಲೇರಬೇಕು. ಹಳೆಯ ಅಂಕಿಗೇ ಅಂಟಿಕೊಂಡರೆ ಅರಿವಿಲ್ಲದೆ ಅದನ್ನು ಉಪವಾಸ ಕೆಡವಿದಂತೆ.

ಮುಂದಿನ ಸಲ ಹೊರಡುವಾಗ ಲ್ಯೂರ್ ಜೊತೆಗಿರಲಿ. ಮಾಂಸ ಕಟ್ಟಿದ ಈ ಚರ್ಮದ ದಿಂಬನ್ನು ಕೈ ಕರೆಗೆ ಹಕ್ಕಿ ಬರದಾಗ ಮಾತ್ರ ಬೀಸಿ. ಬಂದಾಗಲೆಲ್ಲ ಅದರ ಮೇಲೆ ದೊಡ್ಡ ಪಾಲನ್ನೇ ತಿನ್ನಲು ಬಿಡಿ. ಒಮ್ಮೆ ಮೋಸ ಮಾಡಿದರೂ ಅದರ ಬೆಲೆ ಹೋಯಿತು. ಹಾರಿಸುವ ಮೊದಲು ಲೀಶ್ (ಹಕ್ಕಿಯನ್ನು ಕಟ್ಟಿಹಾಕುವ ಹಗ್ಗ) ಮತ್ತು ಸ್ವಿವೆಲ್ (ಆ ಹಗ್ಗ ಸಿಕ್ಕಾಗದಂತೆ ತಿರುಗುವ ಕೊಂಡಿ) ತೆಗೆದು, ಸೀಳಿರುವ ಜೆಸ್ (ಕಾಲಿಗೆ ಕಟ್ಟುವ ಚರ್ಮದ ಪಟ್ಟಿ) ಬದಲು ಸೀಳಿಲ್ಲದ ಜೆಸ್ ಹಾಕಿ. ಸೀಳಿಗೆ ಕೊಂಬೆ ಸಿಕ್ಕಿದರೆ ಹಕ್ಕಿ ತಲೆಕೆಳಗಾಗಿ ನೇತಾಡಿ ಸಾಯುತ್ತದೆ. ಟ್ರಾನ್ಸ್‌ಮಿಟರಿಗೆ ಹೊಸ ಬ್ಯಾಟರಿ ಹಾಕಿ, ಸಿಗ್ನಲ್ ಬರುವುದನ್ನು ಅಲ್ಲೇ ಪರೀಕ್ಷಿಸಿ. ಸುಡು ಮಧ್ಯಾಹ್ನ ಬೇಡ, ಬಿಸಿಗಾಳಿಯ ಏರಿಕೆ ಹಿಡಿದು ಹಕ್ಕಿ ಮುಗಿಲಿಗೇ ಹೋದೀತು. ಸೂರ್ಯಾಸ್ತಕ್ಕೆ ಕನಿಷ್ಠ ಎರಡು ಗಂಟೆ ಉಳಿದಿರಲಿ.

ಅಷ್ಟರಲ್ಲೂ ಕತ್ತಲಾದರೆ ಹಕ್ಕಿಯನ್ನು ಓಡಿಸಾಡಬೇಡಿ. ಗಿಡುಗ ರಾತ್ರಿ ಸಾಮಾನ್ಯವಾಗಿ ಕೂತ ಮರ ಬಿಟ್ಟು ಹೋಗುವುದಿಲ್ಲ. ಮರ ಗುರುತಿಟ್ಟುಕೊಂಡು, ಬೆಳಕು ಹರಿಯುವ ಮುನ್ನವೇ ಲ್ಯೂರ್ ಹಿಡಿದು ಅದರ ಎದುರು ಬಯಲಲ್ಲಿ ನಿಂತಿರಿ. ರಾತ್ರಿಯಿಡೀ ಹಸಿದ ಹಕ್ಕಿ ಕಣ್ಣು ಬಿಟ್ಟಾಗ ಮೊದಲು ಕಾಣುವುದು ಅದೇ ಆಗಿರಲಿ.