ಎಲ್ಲೋ ಕೂತವರು ನಮ್ಮ ನಲ್ಲಿ ನೀರು ಕೆಡಿಸಬಹುದಾ?

ಓದುಗರ ಪ್ರಶ್ನೆ: ನಮ್ಮೂರಿನ ಪಂಪು, ವಾಲ್ವು, ಕ್ಲೋರಿನ್ ಎಲ್ಲವನ್ನೂ ಆಟೋಮ್ಯಾಟಿಕ್ ಮಾಡುತ್ತಿದ್ದಾರಂತೆ. ಯಾರಾದರೂ ದೂರದಲ್ಲಿ ಕೂತು ಒಳಗೆ ನುಗ್ಗಿ ನೀರು ಕೆಡಿಸಿದರೆ ಏನು ಗತಿ?

ನಿಮ್ಮ ಭಯ ಸುಮ್ನೆ ಹುಟ್ಟಿದ್ದಲ್ಲ. ಇಂಥದ್ದು ನಡೆದಿದೆ. ಆದರೆ ಎಲ್ಲಿ ಹೇಗೆ ನಡೆಯಿತು ಎಂದು ನೋಡಿದರೆ, ಕಾಯಬೇಕಾದ ಬಾಗಿಲು ಯಾವುದು ಅಂತ ಗೊತ್ತಾಗುತ್ತದೆ.

ಮೊದಲು ಒಳಗಿನ ಕೆಲಸ ತಿಳಿದುಕೊಳ್ಳೋಣ. ಹಿಂದೆ ನೀರುಗಂಟಿ ಟ್ಯಾಂಕ್ ಹತ್ತಿ ಮಟ್ಟ ನೋಡಿ, ಇಳಿದು ಬಂದು ಮೋಟಾರು ಹಾಕುತ್ತಿದ್ದ. ಈಗ ಮಟ್ಟ ನೋಡುವುದು ಸೆನ್ಸರ್. ಮೋಟಾರು ಹಾಕುವುದು ಪ್ಯಾನೆಲ್ ಒಳಗಿನ ಪುಟ್ಟ ಕಂಪ್ಯೂಟರ್, ಅದಕ್ಕೆ ಪಿಎಲ್‌ಸಿ ಅನ್ನುತ್ತಾರೆ. ಅಂಥ ಹತ್ತಾರು ಪಿಎಲ್‌ಸಿಗಳನ್ನು ಒಂದೇ ಪರದೆಯಲ್ಲಿ ನೋಡಿ ನಡೆಸುವ ವ್ಯವಸ್ಥೆಯೇ ಸ್ಕಾಡಾ. ಇದು ಬೇಡವೇ ಬೇಡ ಅನ್ನುವಂತಿಲ್ಲ. ಬೆಂಗಳೂರಿನ ಕಾವೇರಿ ನೀರನ್ನೇ ನೋಡಿ. ಸುಮಾರು 100 ಕಿ.ಮೀ. ದೂರದಿಂದ ಬರುವ ಅದನ್ನು ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿಗಳಲ್ಲಿ ಮೇಲಕ್ಕೆ ಎತ್ತಬೇಕು. ಒಂದು ಕಡೆ ಪಂಪ್ ನಿಂತರೆ ಉಳಿದ ಕಡೆ ಕೂಡಲೇ ಗೊತ್ತಾಗಬೇಕು, ಅಲ್ವಾ?

ಈಗ ಆಸ್ಟ್ರೇಲಿಯಾದ ಮರೂಚಿಗೆ ಬನ್ನಿ. ಅಲ್ಲಿ ಕೆಟ್ಟದ್ದು ಕುಡಿಯುವ ನೀರಲ್ಲ, ಒಳಚರಂಡಿ. ಆದರೆ ನಡೆಸುವ ಯಂತ್ರ ಒಂದೇ ಬಗೆಯದು. 2000ದ ಆರಂಭದಲ್ಲಿ ಅಲ್ಲಿನ ಪಂಪ್‌ಗಳು ಓಡಬೇಕಾದಾಗ ಓಡಲಿಲ್ಲ, ಮೊಳಗಬೇಕಾದ ಅಲಾರಂ ಮೊಳಗಲಿಲ್ಲ. ಹೊಸ ವ್ಯವಸ್ಥೆ, ಏನೋ ತೊಂದರೆ ಇರಬೇಕು ಎಂದು ಎಲ್ಲರೂ ಅದನ್ನೇ ರಿಪೇರಿ ಮಾಡುತ್ತ ಹೋದರು. ಕೊನೆಗೆ ಪಂಪ್‌ಗಳನ್ನು ನಡೆಸುವ ರೇಡಿಯೋ ಸಂದೇಶಗಳನ್ನು ಗಮನಿಸುತ್ತಿದ್ದ ಎಂಜಿನಿಯರ್‌ಗೆ ಇದು ಯಂತ್ರದ ದೋಷವಲ್ಲ, ಯಾರೋ ಬೇಕೆಂದೇ ಮಾಡುತ್ತಿದ್ದಾರೆ ಎಂದು ಅನ್ನಿಸಿತು. ಏಪ್ರಿಲ್ 23ರಂದು ಪೊಲೀಸರು ಒಂದು ಕಾರು ನಿಲ್ಲಿಸಿದಾಗ ಲ್ಯಾಪ್‌ಟಾಪ್ ಮತ್ತು ರೇಡಿಯೋ ಸಿಕ್ಕವು. ಅಷ್ಟರಲ್ಲಿ ಸುಮಾರು 8 ಲಕ್ಷ ಲೀಟರ್ ಕೊಳಚೆ ಪಾರ್ಕು, ಹೊಳೆಗಳಿಗೆ ಹರಿದಿತ್ತು.

ಸಿಕ್ಕಿಬಿದ್ದವನು ಹೊರಗಿನವನಲ್ಲ. ಆ ವ್ಯವಸ್ಥೆಯನ್ನು ಕೂರಿಸಿಕೊಟ್ಟ ಗುತ್ತಿಗೆ ಕಂಪನಿಯಲ್ಲೇ ಕೆಲಸ ಮಾಡಿ ಬಿಟ್ಟವನು. ಆಮೇಲೆ ಅಲ್ಲಿನ ಸ್ಥಳೀಯ ಸಂಸ್ಥೆಯಲ್ಲಿ ಕೆಲಸ ಕೇಳಿದ್ದ, ಸಿಕ್ಕಿರಲಿಲ್ಲ. 2001ರಲ್ಲಿ ಅವನಿಗೆ 2 ವರ್ಷ ಜೈಲಾಯಿತು. ಅವನು ಯಾವ ಬೀಗವನ್ನೂ ಮುರಿಯಬೇಕಾಗಿ ಬಂದಿರಲಿಲ್ಲ ಎಂಬುದು ನನ್ನನ್ನು ಇಂದಿಗೂ ಕಾಡುತ್ತದೆ. ಬಾಡಿಗೆಯವರು ಮನೆ ಬಿಟ್ಟರೆ ನಾವು ಬೀಗ ಬದಲಿಸುತ್ತೇವೆ. ಗುತ್ತಿಗೆ ಮುಗಿದ ದಿನ ಪಾಸ್‌ವರ್ಡ್ ಬದಲಿಸಲು ಯಾಕೆ ಮರೆಯಬೇಕು?

ಅಮೆರಿಕದ ಪೆನ್ಸಿಲ್ವೇನಿಯಾದ ಅಲಿಕ್ವಿಪ್ಪಾದಲ್ಲಿ 2023ರ ನವೆಂಬರ್‌ನಲ್ಲಿ ನೀರಿನ ಒತ್ತಡ ನೋಡಿಕೊಳ್ಳುವ ಒಂದು ಪಿಎಲ್‌ಸಿ ದುಷ್ಕರ್ಮಿಗಳ ಕೈಗೆ ಹೋಯಿತು. ಆ ಮಾದರಿಯ ಯಂತ್ರ ಫ್ಯಾಕ್ಟರಿಯಿಂದ ಬರುವಾಗ ಇರುವ ಪಾಸ್‌ವರ್ಡ್ 1111. ಅಲಾರಂ ಬಂತು. ಸಿಬ್ಬಂದಿ ಆ ಯಂತ್ರ ಬಂದ್ ಮಾಡಿ ಕೈಯಿಂದಲೇ ಪಂಪ್ ನಡೆಸಿದರು. ಊರಿಗೆ ನೀರು ನಿಲ್ಲಲಿಲ್ಲ.

ಫ್ಲಾರಿಡಾದ ಓಲ್ಡ್ಸ್‌ಮಾರ್ ಸುದ್ದಿ ನೀವು ಓದಿರಬಹುದು. 2021ರ ಫೆಬ್ರವರಿಯಲ್ಲಿ ಅಲ್ಲಿ ನೀರಿಗೆ ಎಷ್ಟು ಕಾಸ್ಟಿಕ್ ಸೋಡಾ ಬೆರೆಸಬೇಕು ಎಂಬ ಪರದೆಯ ಅಂಕಿ 100 ಪಿಪಿಎಂನಿಂದ (ಅಂದರೆ ಹತ್ತು ಲಕ್ಷ ಪಾಲಿಗೆ 100 ಪಾಲು) 11,100ಕ್ಕೆ ಏರಿತ್ತು. ಅದು ಹೊರಗಿನವರ ದಾಳಿ ಎಂದು ಖಚಿತಪಡಿಸಲು ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐಗೆ ಆಗಲಿಲ್ಲ. ಯಾರು ಮಾಡಿದ್ದಾದರೂ, ಪರದೆ ಮುಂದೆ ಕೂತಿದ್ದ ಆಪರೇಟರ್ ಆ ಅಂಕಿ ನೋಡಿದ ಕೂಡಲೇ ಇಳಿಸಿದರು. ಇಲ್ಲಿ ಇನ್ನೊಂದು ಉಪಾಯವೂ ಇದೆ. ನೀರಿಗೆ ರಾಸಾಯನಿಕ ಸುರಿಯುವ ಡೋಸಿಂಗ್ ಪಂಪನ್ನೇ ಚಿಕ್ಕದು ಹಾಕಬೇಕು. ಪರದೆಯಲ್ಲಿ ಎಷ್ಟೇ ಒತ್ತಿದರೂ ಚಿಕ್ಕ ಪಂಪು ಜಾಸ್ತಿ ಸುರಿಯಲಾರದು. ಈ ಮಿತಿಯನ್ನು ಯಾವ ಹ್ಯಾಕರ್ ಕೂಡ ದೂರದಿಂದ ಬದಲಿಸಲಾರ.

ಆಟೋಮ್ಯಾಟಿಕ್ ಆಯಿತಲ್ಲ ಎಂದು ಹಳೆಯ ನೀರುಗಂಟಿಗಳನ್ನು ಕೈಬಿಡುವುದು ನನಗೆ ತುಂಬಾ ತಪ್ಪು ಅನ್ನಿಸುತ್ತದೆ. ಯಾವ ವಾಲ್ವ್ ಎಷ್ಟು ಸುತ್ತು ತಿರುಗಿಸಿದರೆ ಯಾವ ಬೀದಿಗೆ ನೀರು ಹೋಗುತ್ತದೆ ಎಂಬುದು ಅವರ ಕೈಗೆ ಗೊತ್ತು. ಪ್ಯಾನೆಲ್‌ನಲ್ಲಿ ಆಟೋ, ಮ್ಯಾನ್ಯುಯಲ್ ಎಂದು ಒಂದು ಸ್ವಿಚ್ ಇರುತ್ತದೆ. ಅದನ್ನು ಮ್ಯಾನ್ಯುಯಲ್‌ಗೆ ಹಾಕಿದಾಗ ಮುಂದೇನು ಮಾಡಬೇಕೆಂದು ತಿಳಿದವರೇ ಇಲ್ಲದಿದ್ದರೆ ಆ ಸ್ವಿಚ್ ಇದ್ದೂ ಇಲ್ಲದ ಹಾಗೆ.

ನಿಮ್ಮ ವಾರ್ಡಿನ ಸಭೆಯಲ್ಲಿ ನೀರಿನ ಎಂಜಿನಿಯರ್ ಸಿಕ್ಕರೆ ಎರಡು ಮಾತು ಕೇಳಿ. ಕೆಲಸ ಮುಗಿಸಿ ಹೋದ ಗುತ್ತಿಗೆದಾರರ ಪಾಸ್‌ವರ್ಡ್ ಬದಲಿಸಿದ್ದೀರಾ? ಸ್ಕಾಡಾ ಬಂದ್ ಮಾಡಿ, ಕೈಯಿಂದಲೇ ಒಂದು ದಿನ ಊರಿಗೆ ನೀರು ಬಿಟ್ಟು ನೋಡಿದ್ದು ಯಾವಾಗ?